ಮುತ್ತಿನಂಥ ಅಕ್ಷರವನ್ನು ನಂಬಬೇಡ

ಪ್ರೀತಿಯ ಮಗಳೇ,

ಕುಷ್ಟಗಿ ಕಡೆಯ ಹೈಸ್ಕೂಲಿಗೆ ನೀನು ಟೀಚರಾಗಿ ಸೇರಿದ್ದನ್ನು ನಿಮ್ಮವ್ವ ಫೋನ್ ಮಾಡಿ ಹೇಳಿದಳು. ಆಮೇಲೆ ನಿನ್ನ ಮೆಸೇಜೂ ಬಂತು. ‘ಎಂಟನೇ ತರಗತಿ ಹುಡುಗಿಯರು ಎಷ್ಟು ಚಂದ ನೋಟ್ಸ್ ಬರೀತಾರ ದೊಡ್ಡವ್ವ, ಮುತ್ತು ಪೋಣಿಸಿದಂಗ’ ಅಂದಿದ್ದೆ. ಅದನ್ನು ಓದಿಯೇ ಈ ಪತ್ರ ಬರೆಯಲು ಕೂತೆ.

ಆ ಮುತ್ತನ್ನು ನಂಬಬೇಡ. ಈ ಹುಡುಗಿಯರು 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಶಾಲೆ ಮುಚ್ಚಿದಾಗ ಎರಡನೇ ತರಗತಿಯಲ್ಲಿದ್ದವರು. ಒಂದರಿಂದ ಐದರವರೆಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. 19 ತಿಂಗಳು! ಒತ್ತಕ್ಷರ ಗಟ್ಟಿಯಾಗುವ ಹೊತ್ತಿಗೆ ಮನೆಗೆ ಹೋದವರು ಸೀದಾ ನಾಲ್ಕನೇ ತರಗತಿಗೆ ಬಂದು ಕೂತರು. ಓದಲು ಬರದ ಹುಡುಗ ಗದ್ದಲ ಮಾಡುತ್ತಾನೆ, ಬೈಸಿಕೊಳ್ಳುತ್ತಾನೆ, ಹಂಗಾದರೂ ಟೀಚರ್ ಕಣ್ಣಿಗೆ ಬೀಳುತ್ತಾನೆ. ಹುಡುಗಿ ಸುಮ್ನೆ ಬೋರ್ಡ್ ನೋಡಿ ಚಿತ್ರ ಬಿಡಿಸಿದ ಹಾಗೆ ಇಳಿಸಿಕೊಳ್ಳುತ್ತಾಳೆ. ನಾನೂ ಮೋಸ ಹೋಗಿದ್ದೆ. ಒಬ್ಬೊಬ್ಬಳನ್ನೇ ಪಕ್ಕಕ್ಕೆ ಕರೆದು ದಿನಪತ್ರಿಕೆಯ ನಾಲ್ಕು ಸಾಲು ಓದಿಸು. ಎಲ್ಲರ ಮುಂದೆ ಬೇಡ. ಒಮ್ಮೆ ನಗೆಪಾಟಲಾದರೆ ಮರುದಿನ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿಯುತ್ತಾಳೆ.

ಆಗ ನಾವೇನೂ ಕೈಕಟ್ಟಿ ಕೂತಿರಲಿಲ್ಲ. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಗುಡಿಕಟ್ಟೆ, ಬೇವಿನಮರದ ಕೆಳಗೆ ಪಾಠ ಶುರು ಮಾಡಿದೆವು. ಅಕ್ಟೋಬರ್‌ಗೆ ಅದೂ ನಿಂತಿತು. ಆಮೇಲೆ ಉಳಿದದ್ದು ಫೋನು. ಮನೆಗೊಂದೇ ಫೋನು, ಅದು ಹಗಲೆಲ್ಲ ಅಪ್ಪನ ಜೊತೆ ಹೊಲದಲ್ಲಿ, ಸಂಜೆ ತಮ್ಮನ ಕೈಯಲ್ಲಿ. ಇವಳು ಪಾತ್ರೆ ತೊಳೆದು ಬರುವಷ್ಟರಲ್ಲಿ ಡೇಟಾ ಖಾಲಿ. ಬಿಸಿಯೂಟದ ಬದಲು ಅಕ್ಕಿ, ಬೇಳೆ ಮನೆಗೆ ಕೊಟ್ಟೆವು, ನಿಜ. ಆದರೆ ಶಾಲೆಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಉಣ್ಣುತ್ತಿದ್ದವಳು, ಮನೆಯಲ್ಲಿ ಎಲ್ಲರದೂ ಆದಮೇಲೆ ಉಣ್ಣುವವಳು. ಇದು ಯಾವ ಲೆಕ್ಕದಲ್ಲೂ ಬರಲಿಲ್ಲ.

ನನ್ನ ಒಂಬತ್ತನೇ ತರಗತಿಯಲ್ಲಿ ಮೊದಲನೇ ಬೆಂಚಿನ ಹುಡುಗಿಯೊಬ್ಬಳಿದ್ದಳು. ಗಣಿತದಲ್ಲಿ ನನ್ನನ್ನೇ ತಿದ್ದುವಷ್ಟು ಚುರುಕು. 2021ರ ಜನವರಿ 1ಕ್ಕೆ ಹತ್ತನೇ ತರಗತಿ ತೆರೆದಾಗ ಬರಲಿಲ್ಲ. ಒಂದು ವಾರ ಕಾದೆ. ಮನೆಗೆ ಹೋದರೆ ಮದುವೆಯಾಗಿ ಏಳು ತಿಂಗಳಾಗಿತ್ತು! ಐವತ್ತೇ ಜನ ಅಂತ ಸರ್ಕಾರದ ನಿಯಮ, ಅಂಗಳದಲ್ಲೇ ಹಂದರ, ಖರ್ಚು ಕಡಿಮೆ. ಅವರವ್ವ ಅಳುತ್ತಲೇ ಅಂದಳು, ‘ಸಾಲಿ ತೆರೆದಿದ್ರ ಯಾರು ಮದುವಿ ಮಾಡ್ತಿದ್ರೀ ಟೀಚರ?’ ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನ ನಡೆಯಿತು, ಬರೆದವರು ಹೆಚ್ಚುಕಡಿಮೆ ಎಲ್ಲರೂ ಪಾಸು. ಊರೆಲ್ಲ ಪೇಢೆ ಹಂಚಿದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ.

18 ತುಂಬದ ಹುಡುಗಿಯ ಮದುವೆ ನಮ್ಮ ರಾಜ್ಯದಲ್ಲಿ ಕಾನೂನಿನ ಲೆಕ್ಕಕ್ಕೆ ಮದುವೆಯೇ ಅಲ್ಲ. ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಆದರೆ ಆ ಸುಳಿವು ನಿನಗೆ ಸಿಗಬೇಕಲ್ಲ, ಅದಕ್ಕೆ ದಿನಾ ಹಾಜರಿ ಕೂಗಬೇಕು. ನನಗೆ ಆ ಏಳು ತಿಂಗಳು ಗೊತ್ತಾಗದಿದ್ದದ್ದು ಕೂಗಲು ಹಾಜರಿಯೇ ಇರಲಿಲ್ಲ ಅಂತ. ನಿನಗೆ ಆ ನೆಪವಿಲ್ಲ.

ನಿಮ್ಮ ಕಡೆ ಹತ್ತಿ ಬೀಜದ ಕ್ರಾಸಿಂಗ್, ಅಂದರೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ ಶುರುವಾದರೆ ಹುಡುಗಿಯರ ಬೆಂಚು ಖಾಲಿಯಾಗುತ್ತದೆ. ಆಗ ಬೈಯಬೇಡ, ಕೂಲಿ ಬಿಟ್ಟು ಬಾ ಅನ್ನಲು ನಾವ್ಯಾರು? ಮೂರನೇ ದಿನ ಸಂಜೆ ಸ್ಕೂಟಿ ತೆಗೆದುಕೊಂಡು ಮನೆಗೆ ಹೋಗು. ಅಪ್ಪನ ಹತ್ತಿರ ಮಾತಾಡುವ ಮೊದಲು ಅಜ್ಜಿಯ ಹತ್ತಿರ ಕೂತುಕೋ, ಆ ಮನೆಗಳಲ್ಲಿ ಮಾತು ನಡೆಯುವುದು ಅವಳದೇ. ಚಹಾ ಕೊಟ್ಟರೆ ಬೇಡ ಅನ್ನಬೇಡ, ನಿನಗೆ ಸಕ್ಕರೆ ಜಾಸ್ತಿ ಅನಿಸಿದರೂ.

ನಿನ್ನ ದೊಡ್ಡವ್ವ