ಹೆಸರು ಮುಚ್ಚಿ ಓದಿದೆ, ತಂಗೀ

ತಂಗೀ,

ನೀನು ಬರೆದು ಕಳಿಸಿದ ನಲವತ್ತು ವಿಮರ್ಶೆಯನ್ನೂ ಓದಿದೆ. ನಲವತ್ತು ಸಿನಿಮಾ, ಒಂದೊಂದಕ್ಕೆ ಎರಡೋ ಮೂರೋ ಸಾಲು, ಪಕ್ಕದಲ್ಲಿ ಸ್ಟಾರು. ಮೂರು ದಿನದಿಂದ ಇಲ್ಲಿ ಕರೆಂಟಿಲ್ಲ. ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಏನಾಗುತ್ತದೆ ಅಂತ ನಿನಗೆ ಗೊತ್ತಲ್ವಾ? ಪ್ರಿಂಟು ತೆಗೆಸಿ ಕಳಿಸಿದ್ದು ಒಳ್ಳೆಯದೇ ಆಯಿತು. ಜಗಲಿಯಲ್ಲಿ ಕೂತು ಓದಿದೆ.

ಓದುವಾಗ ಒಂದು ಕಿತಾಪತಿ ಮಾಡಿದೆ. ಸಿನಿಮಾ ಹೆಸರಿನ ಮೇಲೆ ಹೆಬ್ಬೆರಳಿಟ್ಟು, ಕೆಳಗಿನ ಸಾಲು ಮಾತ್ರ ಓದಿ, ಇದು ಯಾವುದಿರಬಹುದು ಅಂತ ಊಹಿಸುತ್ತಾ ಹೋದೆ. ನಲವತ್ತರಲ್ಲಿ ನನಗೆ ಗೊತ್ತಾಗಿದ್ದು ಆರು. ಉಳಿದದ್ದರಲ್ಲೆಲ್ಲ ಛಾಯಾಗ್ರಹಣ ಕಣ್ಣಿಗೆ ಹಬ್ಬ, ಹಿನ್ನೆಲೆ ಸಂಗೀತ ಕಥೆಗೆ ಪೂರಕ, ದ್ವಿತೀಯಾರ್ಧ ಕೊಂಚ ಎಳೆದಂತಿದೆ, ಒಮ್ಮೆ ನೋಡಬಹುದು. ಇದು ಮದುವೆ ಮನೆಯ ಶಾಮಿಯಾನ ಇದ್ದ ಹಾಗೆ ಮಾರಾಯ್ತಿ. ಇವತ್ತು ಇವರ ಅಂಗಳ, ನಾಳೆ ಅವರ ಅಂಗಳ. ಯಾರ ಮನೆಗೂ ಹೊಂದುತ್ತದೆ, ಯಾರದ್ದೂ ಅಲ್ಲ.

ಆ ಆರರಲ್ಲಿ ಒಂದು ಓದಿ ಒಬ್ಬನೇ ನಕ್ಕುಬಿಟ್ಟೆ. 'ಮುಂಗಾರು ಮಳೆ'ಗೆ ನೀನು ಬರೆದದ್ದು: "ಮೊಲಕ್ಕೆ ಹೇಳಿದ್ದನ್ನೆಲ್ಲ ಹುಡುಗಿಯ ಅಪ್ಪನಿಗೆ ಹೇಳಿದ್ದರೆ ಸಿನಿಮಾ ಯಾವಾಗಲೋ ಮುಗಿಯುತ್ತಿತ್ತು." ಇಷ್ಟೇ. ಹೆಬ್ಬೆರಳು ತೆಗೆಯುವ ಮೊದಲೇ ಗೊತ್ತಾಯಿತು. 2006ರ ಕೊನೆಯಲ್ಲಿ ಬಂದ ಆ ಸಿನಿಮಾಕ್ಕೆ ಜನ ಮುಗಿಬಿದ್ದಾಗ ಎಷ್ಟೆಷ್ಟೋ ಉದ್ದ ಬರೆದವರಿದ್ದರು. ಹೇಳಬೇಕಾದವರಿಗೆ ಹೇಳದೆ ದೇವದಾಸನೆಂಬ ಮೊಲದ ಹತ್ತಿರ ಮಾತಾಡುವ ಹುಡುಗನ ಕಥೆ ಅದು ಅಂತ ನೀನು ಒಂದೇ ಸಾಲಲ್ಲಿ ಹೇಳಿದ್ದೀಯ. ಅದರಲ್ಲಿ ಗೇಲಿಯೂ ಇದೆ, ಪ್ರೀತಿಯೂ ಇದೆ. ಅದಕ್ಕೆ ಸ್ಟಾರು ಕೊಡಲು ನೀನೇ ಮರೆತಿದ್ದೀಯ, ನೋಡಿಕೋ. ಸ್ಟಾರು ಬೇಕಾಗಲೇ ಇಲ್ಲ.

ಇಂಥ ಸಾಲು ಬರೆಯುವುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಏಳೆಂಟು ಹೆಂಗಸರು ಕೂರುತ್ತಿದ್ದರು. ರಾತ್ರಿ ಹನ್ನೊಂದರವರೆಗೂ ಕೈ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಹೊರಗೆ ತಂದಿಟ್ಟ ಟೀವಿಯಲ್ಲಿ ಒಮ್ಮೆ ಯಾವುದೋ ಪ್ರೇಮಕಥೆ. ನಾಯಕಿ ಜಡಿಮಳೆಯಲ್ಲಿ ಬರಿಗಾಲಲ್ಲಿ ಕಾಡೆಲ್ಲ ಸುತ್ತಿ ಹಾಡಿದಳು. ಅಡಿಕೆಯಿಂದ ಕಣ್ಣು ತೆಗೆಯದೇ ಒಬ್ಬಳು ಹೇಳಿದಳು, "ಇಷ್ಟು ತಿರುಗಿದ್ರೂ ಒಂದು ಇಂಬಳ ಹತ್ತಲಿಲ್ಲವಲ್ಲೇ!" ಮಳೆಗಾಲದ ಕಾಡಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆಯೇ ನಮ್ಮ ಇಂಬಳ. ಅಷ್ಟಕ್ಕೆ ಆ ಸಿನಿಮಾ ಅಲ್ಲೇ ಮುಗಿಯಿತು. ಸುಳ್ಳು ಕಾಡು, ಸುಳ್ಳು ಮಳೆ, ಸುಳ್ಳು ಹುಡುಗಿ ಅಂತ ನಾನು ಅರ್ಧ ಪುಟ ಬರೆಯುತ್ತಿದ್ದೆನೇನೋ. ಅವಳಿಗೆ ಒಂದು ಇಂಬಳ ಸಾಕಾಯಿತು. ಚೆನ್ನಾಗಿದ್ದರೆ ಅವರದ್ದು ಒಂದೇ ಮಾತು, "ಅಡ್ಡಿಲ್ಲ." ಅದನ್ನು ಎಳೆದು ಹೇಳಿದರೆ ಒಂದು ಅರ್ಥ, ಕಡಿದು ಹೇಳಿದರೆ ಇನ್ನೊಂದು. ನಿನ್ನ ಮೂರೂವರೆ ಸ್ಟಾರಿಗೆ ಆ ರಾಗ ಎಲ್ಲಿಂದ ಬರಬೇಕು?

ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಶುರು ಮಾಡಿ ಹಳ್ಳಿಯವರಿಗೆ ಹೊರದೇಶದ ಸಿನಿಮಾ ತೋರಿಸಿದ್ದು ಸುಮ್ನೆ ಅಲ್ಲ. ನಮ್ಮ ಜನಕ್ಕೆ ನೋಡುವ ಕಣ್ಣಿದೆ ಅನ್ನುವ ನಂಬಿಕೆ ಅದು. ನಿನಗೂ ಆ ಕಣ್ಣಿದೆ. ಬರೆಯಲು ಕೂತ ಕೂಡಲೇ ಯಾಕೋ ಪೇಪರಿನವರ ಕನ್ನಡಕ ಹಾಕಿಕೊಳ್ಳುತ್ತೀಯ.

'ತಿಥಿ'ಗೆ ಏನು ಬರೆದಿದ್ದೀಯ ನೋಡು. "ನಟರು ಹೊಸಬರಾದ್ದರಿಂದ ಅಭಿನಯ ಇನ್ನೂ ಪಳಗಬೇಕು." ಅಯ್ಯೋ! ಅವರು ಮಂಡ್ಯ ಕಡೆಯ ಹಳ್ಳಿಯವರು, ನಟನೆ ಅವರ ಕಸುಬೇ ಅಲ್ಲ. ಪಳಗದೇ ಇರುವುದೇ ಆ ಸಿನಿಮಾದ ಜೀವ. ಅಪ್ಪ ಸತ್ತ ಸುದ್ದಿ ಬಂದರೂ ಗಡ್ಡಪ್ಪ ತನ್ನ ಪಾಡಿಗೆ ತಾನು ಅಲೆಯುತ್ತಾನಲ್ಲ, ಆ ನಡಿಗೆಯನ್ನು ಯಾವ ನಟನಾ ಶಾಲೆ ಕಲಿಸುತ್ತದೆ? ಇದು ಏನು ಮಾಡಲು ಹೊರಟಿತ್ತು ಅಂತ ಮೊದಲು ಕೇಳಿಕೋ. ದೋಸೆ ಹೆಂಚಿಟ್ಟು ಕಡುಬು ಬೇಯಲಿಲ್ಲ ಅಂದರೆ ಆಗುತ್ತದಾ?

ಇನ್ನು 'ದ್ವೀಪ'. "ನಮ್ಮ ಮಲೆನಾಡಿನ ಹೆಮ್ಮೆ, ಐದಕ್ಕೆ ಐದು" ಅಂತ ಬರೆದು ಕೈತೊಳೆದುಕೊಂಡಿದ್ದೀಯ. ಸಾಗರದ ನಾ. ಡಿಸೋಜರ ಕಾದಂಬರಿ, ನಿರ್ದೇಶಕ ಗಿರೀಶ ಕಾಸರವಳ್ಳಿ ನಮ್ಮ ತೀರ್ಥಹಳ್ಳಿ ತಾಲೂಕಿನವರು, ಅಣೆಕಟ್ಟಿನ ಮುಳುಗಡೆ ನಮ್ಮದೇ ನೋವು, ಎಲ್ಲ ಸರಿ. ಆದರೆ ನಾಗಿ ಎಲ್ಲಿ? ಏರುವ ನೀರಿನ ನಡುವೆ ಮನೆ ಉಳಿಸಲು ಮೈಮುರಿದು ದುಡಿದವಳು ಅವಳು. ಕೊನೆಗೆ ಗಂಡ ಎಲ್ಲ ದೇವರ ದಯೆ ಅನ್ನುತ್ತಾನೆ. ಆಗ ನಾಗಿಯಾದ ಸೌಂದರ್ಯಳ ಮುಖ ನೋಡಿದೆಯಾ? ನಮ್ಮೂರು ಅನ್ನುವ ಅಭಿಮಾನದಲ್ಲಿ ನೀನೂ ಆ ಗಂಡನ ಹಾಗೇ ಮಾಡಿದ್ದೀಯ. ಬೇಜಾರು ಮಾಡಿಕೊಳ್ಳಬೇಡ, ಇದ್ದದ್ದು ಹೇಳಿದೆ.

ನನ್ನದೂ ಒಂದು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಗೋಡೆ ಪತ್ರಿಕೆಗೆ ನಾನೇ ಸಿನಿಮಾ ಪಂಡಿತ. ಶಿವಮೊಗ್ಗದಲ್ಲಿ ಒಂದು ಸಂಜೆ 'ಘಟಶ್ರಾದ್ಧ' ತೋರಿಸಿದರು. 1977ರ ಕಪ್ಪು ಬಿಳುಪು ಚಿತ್ರ, ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂದದ್ದು. ಶುರುವಾಗುವಾಗಲೇ ತಡವಾಗಿತ್ತು, ನನಗೋ ಕೊನೇ ಬಸ್ಸಿನ ಚಿಂತೆ. ಇನ್ನು ಹತ್ತು ಹದಿನೈದು ನಿಮಿಷ ಇದೆ ಅನ್ನುವಾಗ ಎದ್ದು ಓಡಿದೆ. ಮಾರನೇ ದಿನ ಬರೆದೆ: "ವಿಧವೆಯ ಕಥೆ ಗಟ್ಟಿಯಾಗಿದೆ, ಆದರೆ ಆ ಹುಡುಗನಿಗೆ ಅಲ್ಲಿ ಕೆಲಸವಿಲ್ಲ." ಸೊಗಸಾದ ಸಾಲು ಅಂತ ನನಗೇ ಅನಿಸಿತ್ತು. ನಾಲ್ಕು ಜನ ಬೆನ್ನು ತಟ್ಟಿದರು. ಕನ್ನಡ ಮೇಷ್ಟ್ರು ಮಾತ್ರ ಓದಿ, "ಕೊನೆಯಲ್ಲಿ ಯಮುನಕ್ಕನನ್ನು ನೋಡುವುದು ಯಾರು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸಿನ ವಿಷಯ ಹೇಳಲೂ ಧೈರ್ಯ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಪೂರ್ತಿ ನೋಡಿದೆ. ಅವಳು ಬದುಕಿರುವಾಗಲೇ ಅಪ್ಪ ಶ್ರಾದ್ಧ ಮಾಡಿ ಮುಗಿಸಿದ್ದಾನೆ. ತಲೆ ಬೋಳಿಸಿ ಕೂರಿಸಿದ ಅವಳನ್ನು, ಊರು ಬಿಟ್ಟು ಹೋಗುವ ಆ ಪುಟ್ಟ ನಾಣಿ ನೋಡುತ್ತಾನೆ. ಇಡೀ ಸಿನಿಮಾ ಆ ಹುಡುಗನ ಕಣ್ಣು. ನಾನು ಕೆಲಸವಿಲ್ಲ ಅಂದದ್ದು ಅವನಿಗೇ.

ಹಾಗಾಗಿ ಪೂರ್ತಿ ನೋಡದೆ ಬರೆಯಬೇಡ. ನಿದ್ದೆ ಬಂದಿದ್ದರೆ ನಿದ್ದೆ ಬಂತು ಅಂತಲೇ ಬರೆ, ಅದರಲ್ಲಿ ನಾಚಿಕೆ ಏನು.

ಇನ್ನೊಂದು. '12 ಆಂಗ್ರಿ ಮೆನ್'ಗೆ "ಒಂದೇ ಕೋಣೆಯಲ್ಲಿ ನಡೆದರೂ ಬೋರಾಗುವುದಿಲ್ಲ" ಅಂದಿದ್ದೀಯ. ಯಾಕೆ ಬೋರಾಗುವುದಿಲ್ಲ? ಮತ್ತೊಮ್ಮೆ ನೋಡು, ಈ ಸಲ ಗೋಡೆಯ ಫ್ಯಾನನ್ನು ನೋಡು. ಒಂದು ಕೊಲೆ ಮೊಕದ್ದಮೆಯ ತೀರ್ಪು ಹೇಳಬೇಕಾದ ಹನ್ನೆರಡು ಜನ ಸೆಕೆಯಲ್ಲಿ ಬೆವರುತ್ತಾ ಕೂತಿದ್ದಾರೆ, ಫ್ಯಾನು ತಿರುಗುವುದಿಲ್ಲ. ಮಳೆ ಬಂದು ಕತ್ತಲಾಗಿ ಯಾರೋ ಲೈಟು ಹಾಕಿದಾಗ ಅದು ತಿರುಗುತ್ತದೆ, ಲೈಟಿನದ್ದೂ ಅದರದ್ದೂ ಒಂದೇ ಸ್ವಿಚ್ಚು. ಅಷ್ಟು ಹೊತ್ತಿಗೆ ವಾದವೂ ತಿರುಗಿರುತ್ತದೆ. ಮೊದಲು ಮೇಲಿಂದ ನೋಡುತ್ತಿದ್ದ ಕ್ಯಾಮೆರಾ ಬರಬರುತ್ತಾ ಕೆಳಗಿಳಿಯುತ್ತದೆ, ಗೋಡೆಗಳು ಮೈಮೇಲೆ ಬಂದ ಹಾಗೆ ಕಾಣುತ್ತವೆ. ಇಷ್ಟನ್ನೂ ಬರೆಯಬೇಡ, ಫ್ಯಾನೊಂದೇ ಸಾಕು.

ಆ ಆರನ್ನು ಮುಟ್ಟಬೇಡ. ಉಳಿದದ್ದನ್ನು ಇನ್ನೊಂದು ಸಲ ಬರೆ, ಅವಸರ ಇಲ್ಲ. ನೆನಪಿಗೆ ಏನೂ ಬರದಿದ್ದರೆ ಆ ಸಿನಿಮಾ ಬಿಟ್ಟುಬಿಡು, ಹದಿನೈದೇ ಉಳಿದರೂ ಅಡ್ಡಿಲ್ಲ. ಅಂದ ಹಾಗೆ, ಪಟ್ಟಿಯ ಕೊನೆಯಲ್ಲಿರುವ ಕೊರಿಯಾದ ಸಿನಿಮಾ ನಾನು ನೋಡಿಲ್ಲ. ಅದಕ್ಕೆ ಒಂದು ಸ್ಟಾರು ಕೊಟ್ಟು "ಅಮ್ಮ ಅರ್ಧಕ್ಕೇ ಎದ್ದುಹೋದಳು" ಅಂತ ಬರೆದಿದ್ದೀಯ. ಅಮ್ಮ ಯಾಕೆ ಎದ್ದುಹೋದಳು? ಮಳೆ ಬಿಟ್ಟ ಮೇಲೆ ಬಂದು ಹೇಳು. ಕೆಸುವಿನೆಲೆ ಚೆನ್ನಾಗಿ ಬಂದಿದೆ, ನಿಮ್ಮತ್ತಿಗೆ ಪತ್ರೊಡೆ ಮಾಡುತ್ತಾಳಂತೆ.