ನಮ್ಮೂರ ಮಕ್ಕಳ ಲೆಕ್ಕ ಗೋಡೆ ಮೇಲೆ ಬರೆಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಕಚೇರಿಗಳ ಎದುರು ಸಾಲಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಆರು ಕಿಲೋಮೀಟರ್ ಆಚೆಗಿರುವ ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷನೂ ಹೌದು. ಎರಡು ವರ್ಷದಿಂದ ಒಂದೇ ಪ್ರಶ್ನೆ ಹಿಡಿದುಕೊಂಡು ಅಲೆಯುತ್ತಿದ್ದೇನೆ. ನಮ್ಮ ಪಂಚಾಯ್ತಿಯ ಊರುಗಳಲ್ಲಿ 6ರಿಂದ 14 ವರ್ಷದ ಎಷ್ಟು ಮಕ್ಕಳು ಶಾಲೆಗೆ ಹೋಗುತ್ತಿಲ್ಲ? 15ರಿಂದ 18ರವರು ಏನು ಮಾಡುತ್ತಿದ್ದಾರೆ? ಅಷ್ಟೇ.

ಈ ಹುಚ್ಚು ಯಾಕೆ ಹತ್ತಿತು ಅಂತ ಹೇಳಿಬಿಡುತ್ತೇನೆ. ದಸರಾ ಮುಗಿದರೆ ನಮ್ಮ ಕಡೆ ಗುಳೆ ಶುರು. ಗಂಡ ಹೆಂಡತಿ ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳೂ ಹಿಂದೆ ಹೋಗುತ್ತವೆ, ಇಲ್ಲವೇ ಅಜ್ಜಿ ಹತ್ತಿರ ಉಳಿದು ಹತ್ತಿ ಬಿಡಿಸಲು ಹೋಗುತ್ತವೆ. ಇಂಥ ಮಕ್ಕಳಿಗೆ ಆರು ತಿಂಗಳು ಊರಲ್ಲೇ ಒಂದು ಹಾಸ್ಟೆಲ್ ಮಾಡಿಕೊಡಿ ಅಂತ ಅರ್ಜಿ ಹಾಕಿದೆವು. "ಎಷ್ಟು ಮಕ್ಕಳು? ಅಂಕಿಅಂಶ ತನ್ನಿ" ಎಂದರು. ನ್ಯಾಯವಾದ ಮಾತು. ತರೋಣ ಅಂತ ಹೊರಟೆ.

ಪಂಚಾಯ್ತಿಯಲ್ಲಿ ಕೇಳಿದೆ. ಶಿಕ್ಷಣ ಇಲಾಖೆಗೆ ಹೋಗಿ ಎಂದರು. ಅಲ್ಲಿ ಹೋದರೆ, ನಮ್ಮಲ್ಲಿ ಶಾಲೆಗೆ ಸೇರಿದವರ ಲೆಕ್ಕ ಮಾತ್ರ ಇರುವುದು ಎಂದರು. ಅಂಗನವಾಡಿ ಕಡೆಯವರು ಆರು ವರ್ಷದೊಳಗಿನವರು ಮಾತ್ರ ನಮಗೆ ಎಂದರು. ಕಾರ್ಮಿಕ ಇಲಾಖೆಯವರು ಕೇಸ್ ಆದ ಮಕ್ಕಳ ಲೆಕ್ಕ ಕೊಟ್ಟರು. ಹದಿನೈದು ದಾಟಿದವರು ಯಾರಿಗೂ ಬೇಡ. ಸಾಹೇಬರೇ, ನಮ್ಮೂರಲ್ಲಿ ಎಮ್ಮೆ, ಕುರಿ, ಮೇಕೆಗೆ ಒಂದೇ ಪಟ್ಟಿ ಇದೆ. ಮಕ್ಕಳಿಗೆ ನಾಲ್ಕು ಕಚೇರಿ ಇವೆ, ಪಟ್ಟಿ ಇಲ್ಲ.

ಕಾನೂನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಂ ಪ್ರಕಾರ, ತನ್ನ ವ್ಯಾಪ್ತಿಯಲ್ಲಿ ವಾಸವಿರುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು ಸ್ಥಳೀಯ ಸಂಸ್ಥೆಯ ಕೆಲಸ. ಶಾಲೆ ಬಿಟ್ಟ ಮಕ್ಕಳ ವಿಚಾರವಾಗಿ 2013ರಲ್ಲಿ ನಮ್ಮ ಹೈಕೋರ್ಟ್ ತಾನಾಗಿಯೇ ಕೇಸು ಕೈಗೆತ್ತಿಕೊಂಡಿತ್ತು. ಇದೆಲ್ಲ ತಮಗೆ ಗೊತ್ತಿರುತ್ತದೆ, ಅಲ್ವಾ?

ಬೇರೆ ಕಡೆ ಹುಡುಕಲಿಲ್ಲ ಅಂದುಕೊಳ್ಳಬೇಡಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರ್ ಮುಂದೆ ಕೂತು ಕಣ್ಣು ಕೆಡಿಸಿಕೊಂಡಿದ್ದೇನೆ. ಊರುವಾರು ಲೆಕ್ಕ ಸಿಗುವುದು ಜನಗಣತಿಯಲ್ಲಿ. ಅದು ಕೊನೆಗೆ ಆದದ್ದು 2011ರಲ್ಲಿ. ಆಗ ತೊಟ್ಟಿಲಲ್ಲಿದ್ದ ಮಗು ಈಗ ಎಸ್ಸೆಸ್ಸೆಲ್ಸಿ ತಲುಪಿದೆ. 2021ರದ್ದು ಕೊರೊನಾ ಅಂತ ನಿಂತಿತು, ಮುಂದಿನದಕ್ಕೆ 2027ರ ಮಾರ್ಚ್ 1 ಅಂತ ದಿನ ಗೊತ್ತು ಮಾಡಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಒಳ್ಳೆಯದೇ. ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲ, 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎನ್ನುತ್ತದೆ. ಆದರೆ ಅದು ಜಿಲ್ಲೆವರೆಗೆ ಬಂದು ನಿಂತುಬಿಡುತ್ತದೆ. ನಮ್ಮೂರಿಗೆ ಬರುವುದಿಲ್ಲ, ನಮ್ಮೂರ ಬಸ್ಸಿನ ಹಾಗೆ. ಇನ್ನು ಶಾಲೆಗಳಿಂದ ಶಿಕ್ಷಣ ಇಲಾಖೆ ತರಿಸಿಕೊಳ್ಳುವ ಯುಡೈಸ್ ಲೆಕ್ಕ ಪ್ರತಿ ವರ್ಷ ಬರುತ್ತದೆ. ಅದರಲ್ಲಿ ಇರುವುದು ಶಾಲೆಯ ಲೆಕ್ಕ. ಶಾಲೆಗೇ ಬಾರದ ಮಗು ಅದರಲ್ಲಿ ಹೇಗೆ ಸಿಕ್ಕೀತು?

ಕೊನೆಗೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೂವತ್ತು ದಿನ ಕಳೆಯಿತು. ನಲವತ್ತೊಂದನೇ ದಿನ "ಸದರಿ ಮಾಹಿತಿಯು ಈ ಕಚೇರಿಗೆ ಸಂಬಂಧಿಸಿರುವುದಿಲ್ಲ" ಎಂಬ ಒಂದು ಸಾಲು ಬಂತು. ಸಂಬಂಧಿಸದಿದ್ದರೆ ಐದು ದಿನದೊಳಗೆ ಸಂಬಂಧಿಸಿದವರಿಗೆ ಕಳಿಸಬೇಕು ಅಂತ ಅದೇ ಕಾಯ್ದೆಯ 6(3)ರಲ್ಲಿದೆ. ಮೇಲ್ಮನವಿ ಹಾಕಿದೆ. ಆಗ ಬಂದು ಕಡತ ನೋಡಿಕೊಂಡು ಹೋಗಿ ಎಂದರು.

ಅವತ್ತಿನದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅಂಗಡಿಗೆ ಬೀಗ ಹಾಕಿ ಹತ್ತೂವರೆಗೆ ಹೋದೆ. ಆ ಕಚೇರಿಯ ಸಾಹೇಬರು ವಿಡಿಯೊ ಕಾನ್ಫರೆನ್ಸ್‌ನಲ್ಲಿದ್ದರು. ಮೂರೂವರೆಗೆ ಒಬ್ಬರು ಕಡತ ತಂದು ಮೇಜಿನ ಮೇಲಿಟ್ಟರು. ಮನೆ ಮನೆ ಸಮೀಕ್ಷೆಯ ಕಡತ. ಮೇಲಿನ ಹಾಳೆಯಲ್ಲಿ ನಮ್ಮೂರ ಹೆಸರು, ಅದರ ಮುಂದೆ "ಶಾಲೆಯಿಂದ ಹೊರಗುಳಿದ ಮಕ್ಕಳು: ಶೂನ್ಯ". ಸೀಲು, ಸಹಿ ಎಲ್ಲಾ ಇದೆ. ಕೆಳಗಿನ ಹಾಳೆ ತಿರುವಿದೆ. ಖಾಲಿ. ಇನ್ನೊಂದು. ಖಾಲಿ. ಕಟ್ಟು ಪೂರ್ತಿ ಖಾಲಿ ಫಾರ್ಮು.

ಎಡಗಡೆ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೀರು ಕಂಡಿತು. ಎಲ್ಲಾ ಹಾಳೆಯಲ್ಲೂ ಅದೇ ಜಾಗದಲ್ಲಿ. ಎದೆ ಧಸಕ್ಕೆಂದಿತು. ಅದು ನನ್ನ ಮಷಿನ್ನಿನ ಗೀರು! ಹಿಂದಿನ ಚಳಿಗಾಲದಲ್ಲಿ ಡ್ರಮ್ಮಿಗೆ ಗೀರು ಬಿದ್ದು ಎರಡು ತಿಂಗಳು ಹಾಗೇ ಬರುತ್ತಿತ್ತು. ಆ ಫಾರ್ಮುಗಳನ್ನು ಜೆರಾಕ್ಸ್ ಮಾಡಿಕೊಟ್ಟವನು ನಾನೇ. ಅರ್ಜೆಂಟ್ ಅಂತ ರಾತ್ರಿ ಒಂಬತ್ತರವರೆಗೆ ಕೂರಿಸಿ ಮಾಡಿಸಿದ್ದರು. ಅವು ನನ್ನ ಅಂಗಡಿಯಿಂದ ಹೋದ ಹಾಗೇ ಬಂದು ಕಡತದಲ್ಲಿ ಮಲಗಿವೆ, ಒಂದು ಪೆನ್ನೂ ತಾಗಿಲ್ಲ.

ಪ್ರತಿ ಕೇಳಿದೆ. ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿಸಿಕೊಂಡರು. ನಾನು ಮಾಡಿದ ಜೆರಾಕ್ಸಿನ ಜೆರಾಕ್ಸನ್ನು ನಾನೇ ದುಡ್ಡು ಕೊಟ್ಟು ತಂದೆ ಸಾಹೇಬರೇ. ನಗಬೇಕೋ ಅಳಬೇಕೋ ತಾವೇ ಹೇಳಿ.

ಅವತ್ತು ಬೆಳಿಗ್ಗೆ ಏಳಕ್ಕೆ ನಮ್ಮೂರ ಅಗಸಿ ಬಾಗಿಲ ಮುಂದೆ ಟಂಟಂ ಗಾಡಿ ನಿಂತಿತ್ತು. ಹತ್ತಿ ಬಿಡಿಸಲು ಹೊರಟವರಲ್ಲಿ ಒಂಬತ್ತು ಹುಡುಗಿಯರನ್ನು ಎಣಿಸಿದ್ದೆ. ಒಬ್ಬಳು ಜೂನ್‌ನಲ್ಲಿ ನನ್ನ ಅಂಗಡಿಯಿಂದಲೇ ಕಂಪಾಸ್ ಬಾಕ್ಸ್ ಒಯ್ದವಳು. "ಕಾಕಾ, ಮುಂದಿನ ವಾರ ಸಾಲಿಗೆ ಹೋಗ್ತೀನಿ" ಅಂದಳು, ನಾನೇನೂ ಕೇಳಿರಲಿಲ್ಲ. ಅವಳ ಹೆಸರು ಹಾಜರಿ ಪುಸ್ತಕದಲ್ಲಿದೆ. ಹಾಗಾಗಿ ಅವಳು ಶಾಲೆಯಲ್ಲೇ ಇದ್ದಾಳೆ. ಶೂನ್ಯ ಬರುವುದು ಹೀಗೆ.

ಮೇಷ್ಟ್ರುಗಳನ್ನು ನಾನು ಬೈಯುವುದಿಲ್ಲ. ಪಾಠ ಮುಗಿಸಿ ಮನೆ ಮನೆ ಸುತ್ತಬೇಕು. ಮಕ್ಕಳು ಹೊರಗಿದ್ದಾರೆ ಅಂತ ಬರೆದರೆ ಯಾಕೆ ಇದ್ದಾರೆ ಅಂತ ಅವರಿಗೇ ನೋಟಿಸ್. ಶೂನ್ಯ ಬರೆದರೆ ಎಲ್ಲರಿಗೂ ನೆಮ್ಮದಿ. ಇಲಾಖೆಗಳ ಪ್ರಗತಿ ನೋಡುವ ತಮ್ಮ ಕೆಡಿಪಿ ಸಭೆಯಲ್ಲೂ ಓದಲು ಸುಲಭ. ಕಳೆದ ಸಭೆಯ ನಡಾವಳಿ ನನ್ನಲ್ಲೇ ಜೆರಾಕ್ಸ್ ಆಯಿತು, ಕಣ್ಣಿಗೆ ಬಿತ್ತು. "ಪ್ರಗತಿ ಸಾಧಿಸಲಾಗಿದೆ" ಅಂತಿತ್ತು. ತಾವು ಒಂದು ಮಾತು ಕೇಳಬಾರದಿತ್ತೇ?

ನಮ್ಮ ಬೇಡಿಕೆ ಇಷ್ಟೇ. ಪಂಚಾಯ್ತಿಯ ಹೊರಗೋಡೆಗೆ ಒಂದು ಬೋರ್ಡು ಬರೆಸಿ. ಊರುವಾರು ಎಷ್ಟು ಮಕ್ಕಳು, ಶಾಲೆಗೆ ಬರುವವರೆಷ್ಟು, ಬಾರದವರೆಷ್ಟು, ಗುಳೆ ಹೋದವರೆಷ್ಟು, 15ರಿಂದ 18ರವರು ಓದುತ್ತಿರುವುದೆಷ್ಟು, ದುಡಿಯುತ್ತಿರುವುದೆಷ್ಟು. ಹೆಸರು ಬೇಡ, ಸಂಖ್ಯೆ ಸಾಕು. ತಪ್ಪಿದ್ದರೆ ಊರವರೇ ಹೇಳುತ್ತಾರೆ, ನಮಗೆ ನಮ್ಮ ಮಕ್ಕಳು ಗೊತ್ತು. ಮೂರು ತಿಂಗಳಿಗೊಮ್ಮೆ ಅಳಿಸಿ ಹೊಸದಾಗಿ ಬರೆಯಲಿ. ಬಣ್ಣ ನಾನು ಕೊಡುತ್ತೇನೆ. ಗೋಡೆ ಪಂಚಾಯ್ತಿಯದೇ ಇದೆ. ಲೆಕ್ಕ ಮಾತ್ರ ಬೇಕು. ಬೋರ್ಡು ಬರೆಸಿ ಸಾಹೇಬರೇ.

ಮುಂದಿನ ಕೆಡಿಪಿ ಸಭೆಗೆ ಆ ಖಾಲಿ ಫಾರ್ಮಿನ ಪ್ರತಿ ಹಿಡಿದುಕೊಂಡು ಬಾಗಿಲ ಬಳಿ ನಿಂತಿರುತ್ತೇನೆ. ಒಳಗೆ ಕರೆಸಿದರೆ ಬರುತ್ತೇನೆ, ಇಲ್ಲದಿದ್ದರೆ ಹೊರಗೇ ಹಂಚುತ್ತೇನೆ. ಜೆರಾಕ್ಸ್ ಖರ್ಚು ನನಗೇನೂ ಭಾರವಲ್ಲ.

ಇಂತಿ ತಮ್ಮ ವಿಶ್ವಾಸಿ,
ಜೆರಾಕ್ಸ್ ಅಂಗಡಿಯವನು

ತಾಜಾ ಕಲಂ: ಆ ಫಾರ್ಮುಗಳ ಬಿಲ್ಲು ಇನ್ನೂ ಪಾಸಾಗಿಲ್ಲ. ಅದನ್ನೂ ಸ್ವಲ್ಪ ವಿಚಾರಿಸಿ.