ಸಂಬಳದ ತಾರೀಖು ತಪ್ಪದಂತೆ ನೋಡಿಕೊಂಡ ಎಲ್ಲರಿಗೂ

ಕಂಪನಿಗಳಿಗೆ ಗುತ್ತಿಗೆ ಕಾರ್ಮಿಕರನ್ನು ಒದಗಿಸುವ ನಮ್ಮ ಸಂಸ್ಥೆಯ ಸ್ಥಾಪಕರು ಹೊರನಡೆದು ಹೊಸ ಮುಖ್ಯಸ್ಥರು ಬಂದಿದ್ದಾರೆ. ಈ ಬದಲಾವಣೆಯ ನಡುವೆಯೂ ಪೀಣ್ಯ, ಬೊಮ್ಮಸಂದ್ರ, ನರಸಾಪುರ, ಬಿಡದಿಯ ಕಾರ್ಖಾನೆ, ಗೋದಾಮುಗಳಲ್ಲಿ ನಮ್ಮ ಮೂಲಕ ದುಡಿಯುವವರ ಸಂಬಳ ಯಾವ ತಿಂಗಳೂ 7ನೇ ತಾರೀಖು ದಾಟಲಿಲ್ಲ. ಅದಕ್ಕೆ ಕಾರಣರಾದವರಿಗೆ ಸಂಬಳದ ಲೆಕ್ಕ ನೋಡುವ ಪೇರೋಲ್ ವಿಭಾಗದವರಾದ ನಾವು ಎಲ್ಲರೆದುರು ಕೃತಜ್ಞತೆ ಹೇಳಲೇಬೇಕು. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿರುವುದರಿಂದ ಅವರು ಮಾಡಿದ ಕೆಲಸವನ್ನಷ್ಟೇ ಬರೆಯುತ್ತಿದ್ದೇವೆ. ಇದೇ ಪರಿಸ್ಥಿತಿಯಲ್ಲಿರುವ ಬೇರೆ ಪೇರೋಲ್ ಬಳಗಗಳಿಗೂ ಇದರಿಂದ ಉಪಯೋಗವಾಗಲಿ.

ಮೊದಲ ನಮಸ್ಕಾರ ಹೊರಹೋದ ಸ್ಥಾಪಕರಿಗೆ. ಸಂಬಳದ ಫೈಲನ್ನು ಒಬ್ಬರು ಬ್ಯಾಂಕಿಗೆ ಅಪ್‌ಲೋಡ್ ಮಾಡಿದರೆ ಇನ್ನೊಬ್ಬರು ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆಯ ಅಧಿಕಾರ, ಅದರ ಓಟಿಪಿ ಎರಡೂ ಅವರ ಮೊಬೈಲಿನಲ್ಲಿದ್ದವು. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಹಳಬರ ಹೆಸರು ತೆಗೆಯುವುದು, ಹೊಸಬರ ಹೆಸರು ಸೇರಿಸುವುದು ಎರಡನ್ನೂ ಒಂದೇ ಪತ್ರದಲ್ಲಿ ಬರೆದು ಕೊಡುವುದು. ಬ್ಯಾಂಕಿನವರು ಹಳೆಯ ಸಹಿಯನ್ನು ಅಂದೇ ನಿಲ್ಲಿಸುತ್ತಾರೆ. ಹೊಸ ಸಹಿಗೆ ಬೋರ್ಡಿನ ನಿರ್ಣಯದ ದೃಢೀಕೃತ ಪ್ರತಿ, ಪ್ಯಾನ್, ಆಧಾರ್, ಫೋಟೋ, ಮಾದರಿ ಸಹಿ ಎಲ್ಲ ಪರಿಶೀಲನೆಯಾಗಬೇಕು. ಅಷ್ಟು ದಿನ ಖಾತೆಯಲ್ಲಿ ಹಣವಿದ್ದರೂ ಬಿಡುಗಡೆ ಮಾಡುವವರೇ ಇರುವುದಿಲ್ಲ. ಆದ್ದರಿಂದ ಎರಡು ಪತ್ರ ಬೇಕು. ಮೊದಲನೆಯದು ಸೇರಿಸಲು. ಹೊಸಬರ ಕೈಯಿಂದ ಒಂದು ಸಣ್ಣ ಮೊತ್ತ ಹೋಗಿ ನೋಡಿದ ಮೇಲೆ ಎರಡನೆಯದು, ತೆಗೆಯಲು. ಹುದ್ದೆ ಬಿಟ್ಟ ಮೇಲೂ ಫೋನ್ ಎತ್ತಿ ಓಟಿಪಿ ಹೇಳಿದ್ದು, ಸಂಸ್ಥೆಯ ಬ್ಯಾಂಕ್ ಸಾಲದ ಮಿತಿಗೆ ಕೊಟ್ಟಿದ್ದ ವೈಯಕ್ತಿಕ ಜಾಮೀನನ್ನು ಹೊಸಬರ ಜಾಮೀನು ದಾಖಲಾಗುವ ತನಕ ಹಿಂಪಡೆಯದಿದ್ದದ್ದು ಸ್ಥಾಪಕರ ದೊಡ್ಡತನ. ಆ ಎರಡು ಪತ್ರಗಳ ನಡುವಿನ ಅಂತರ ಎಷ್ಟಿರಬೇಕೆಂದು ಕೂತು ತಿಳಿಹೇಳಿದ ಶಾಖಾ ವ್ಯವಸ್ಥಾಪಕರನ್ನೂ ಮರೆಯುವುದಿಲ್ಲ.

ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ), ಜಿಎಸ್‌ಟಿ, ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ), ವೃತ್ತಿ ತೆರಿಗೆಯ ಇ-ಪ್ರೇರಣಾ, ಹೀಗೆ ಪ್ರತಿ ಪೋರ್ಟಲ್‌ಗೂ ಒಂದು ಮೊಬೈಲ್ ನಂಬರು, ಒಂದು ಇಮೇಲ್ ಅಂಟಿಕೊಂಡಿರುತ್ತದೆ. ಅವನ್ನೆಲ್ಲ ಪಟ್ಟಿ ಮಾಡಿ, ಯಾವುದಕ್ಕೆ ಯಾರ ನಂಬರು ಎಂದು ಗುರುತು ಹಾಕಿಕೊಟ್ಟವರು ನಮ್ಮ ಲೆಕ್ಕಪರಿಶೋಧಕರ ಕಚೇರಿಯ ಹುಡುಗಿಯರು. ಪಿಎಫ್‌ನ ಮಾಸಿಕ ಇಸಿಆರ್ (ಪ್ರತಿ ನೌಕರರ ಕಂತಿನ ಲೆಕ್ಕ) ಸಲ್ಲಿಸಲು ಡಿಜಿಟಲ್ ಸಹಿ ಬೇಕಿಲ್ಲ, ಆದ್ದರಿಂದ ಅದು ನಿಲ್ಲುವುದಿಲ್ಲ. ನಿಲ್ಲುವುದು ಉದ್ಯೋಗದಾತರ ಒಪ್ಪಿಗೆ ಬೇಕಾದ ಕೆಲಸ. ಹೊಸ ಮುಖ್ಯಸ್ಥರ ಡಿಜಿಟಲ್ ಸಹಿ ನೋಂದಣಿಯ ಕೋರಿಕೆ ಪತ್ರಕ್ಕೆ ಪಿಎಫ್ ಕಚೇರಿಯೇ ಅನುಮೋದನೆ ಕೊಡಬೇಕು. ಅದನ್ನು ಮೊದಲ ವಾರವೇ ಕಳಿಸಿ ಎಂದು ಬೆನ್ನು ಬಿದ್ದವರೂ ಅವರೇ. ಪಿಎಫ್ ಕಟ್ಟುವ ಗಡುವಾದ 15ನೇ ತಾರೀಖಿನ ಬಗ್ಗೆ ಅವರು ತೋರಿದ ಕಟ್ಟುನಿಟ್ಟು ಅತಿಯೆಂದು ಯಾರಿಗಾದರೂ ಅನ್ನಿಸಿದ್ದರೆ ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ 2022ರ ಅಕ್ಟೋಬರಿನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪನ್ನು ನೆನೆಯಲಿ. ನೌಕರರ ಪಾಲಿನ ಪಿಎಫ್ ಒಂದು ದಿನ ತಡವಾಗಿ ಕಟ್ಟಿದರೂ ಆ ಮೊತ್ತಕ್ಕೆ ಉದ್ಯೋಗದಾತರಿಗೆ ಆದಾಯ ತೆರಿಗೆಯಲ್ಲಿ ಕಡಿತ ಸಿಗುವುದಿಲ್ಲ ಎಂದು ಆ ತೀರ್ಪು ಹೇಳಿತ್ತು.

ಇನ್ನು ಹಣದ ಮಾತು. ಒಬ್ಬರ ತಿಂಗಳ ಸಂಬಳ 15,000 ರೂಪಾಯಿ, ಪಿಎಫ್ ಲೆಕ್ಕವೂ ಅಷ್ಟಕ್ಕೇ ಎಂದಿಟ್ಟುಕೊಳ್ಳಿ. ಅವರ ಪಾಲಿನ ಪಿಎಫ್ 1,800, ಇಎಸ್‌ಐ 113 ಕಳೆದು ಕೈಗೆ 13,087 ಬರುತ್ತದೆ. ಉದ್ಯೋಗದಾತರ ಕಡೆಯಿಂದ ಆಡಳಿತ ಶುಲ್ಕ, ವಿಮೆ ಸೇರಿ ಪಿಎಫ್ 1,950, ಇಎಸ್‌ಐ 488. ಒಟ್ಟು 17,438 ರೂಪಾಯಿ ನಮ್ಮ ಜೇಬಿನಿಂದ 15ರೊಳಗೆ ಹೋಗಿರುತ್ತದೆ. ಇದಕ್ಕೆ ಸೇವಾ ಶುಲ್ಕ ಮತ್ತು 18% ಜಿಎಸ್‌ಟಿ ಸೇರಿಸಿ, ಕೆಲಸ ಮಾಡಿಸಿಕೊಂಡ ಕಂಪನಿಗೆ ಕಳಿಸಿದ ಬಿಲ್ಲಿನ ಹಣ ಬರುವುದು 45 ದಿನ, ಕೆಲವೆಡೆ 60 ದಿನ ಕಳೆದ ಮೇಲೆ. ಮುಖ್ಯಸ್ಥರು ಬದಲಾಗುತ್ತಾರೆಂಬ ಸುದ್ದಿ ಹಬ್ಬಿದ ಕೂಡಲೇ ಕೆಲವು ಕಂಪನಿಗಳು ಬಿಲ್ ತಡೆಹಿಡಿಯುತ್ತವೆ. ಅವರ ಭಯ ಅರ್ಥವಾಗುವಂಥದ್ದೇ: ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕರೇ, ಅಂದರೆ ಆ ಕಂಪನಿಯೇ, ಕೊಡಬೇಕೆಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಿಂದಲೂ ಇರುವ ನಿಯಮ. ಆದರೆ ಬಿಲ್ ತಡೆದರೆ ಭಯಪಟ್ಟದ್ದೇ ನಡೆದುಹೋಗುತ್ತದೆ. ಹಾಗೆ ಮಾಡದೆ, ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್ ಮತ್ತು ಬ್ಯಾಂಕ್ ಪಾವತಿಯ ಪಟ್ಟಿ ತರಿಸಿ ನೋಡಿ, ಗಡುವಿಗೆ ಮುಂಚೆಯೇ ಹಣ ಬಿಡುಗಡೆ ಮಾಡಿದ ಕಂಪನಿಗಳ ಎಚ್‌ಆರ್ ಮತ್ತು ಲೆಕ್ಕ ವಿಭಾಗಗಳಿಗೆ ನಾವು ಎಂದೆಂದೂ ಋಣಿಗಳು.

ಸೈಟ್ ಸೂಪರ್‌ವೈಸರ್‌ಗಳ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಹಾಜರಿ ತಿಂಗಳ 26ರಿಂದ ಮುಂದಿನ 25ರವರೆಗೆ. ರಾತ್ರಿ 10ಕ್ಕೆ ಶುರುವಾಗಿ ಬೆಳಗ್ಗೆ 6ಕ್ಕೆ ಮುಗಿಯುವ ಸಿ ಶಿಫ್ಟನ್ನು ಯಾವ ದಿನಕ್ಕೆ ಬರೆಯಬೇಕು ಎಂಬಲ್ಲೇ ಗೊಂದಲ. 25ರ ರಾತ್ರಿ ಬಂದವರನ್ನು 26ಕ್ಕೆ ಬರೆದರೆ ಒಂದು ದಿನದ ಸಂಬಳ ಮುಂದಿನ ತಿಂಗಳಿಗೆ ಹೋಗುತ್ತದೆ. ವಾರದ ರಜೆಯ ಕಡೆ ಗೈರು ಎಂದು ಬಿದ್ದರೆ ಅದು ಇಎಸ್‌ಐವರೆಗೂ ತಟ್ಟುತ್ತದೆ, ಏಕೆಂದರೆ ಕಾಯಿಲೆ ಭತ್ಯೆಗೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಕಚೇರಿಯಲ್ಲಿ ಯಾರನ್ನು ಕೇಳಬೇಕೆಂದೇ ತಿಳಿಯದ ವಾರಗಳಲ್ಲೂ ನೀವು ಹಾಜರಿ ಪುಸ್ತಕವನ್ನು ಕಂಪನಿಯವರ ಸಹಿ ಹಾಕಿಸಿಯೇ ಕಳಿಸಿದಿರಿ. ಕೆನರಾದೊಳಗೆ ವಿಲೀನವಾದ ಹಳೆಯ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ ಜೆರಾಕ್ಸ್ ಕೊಟ್ಟವರನ್ನು ಹುಡುಕಿ ಕೆನರಾ ಬ್ಯಾಂಕಿನ ಐಎಫ್‌ಎಸ್‌ಸಿ ತರಿಸಿಕೊಟ್ಟಿರಿ. ಇಲ್ಲದಿದ್ದರೆ ಅವರ ಸಂಬಳ ನಮಗೇ ವಾಪಸು ಬರುತ್ತಿತ್ತು.

ನೇಮಕಾತಿ ವಿಭಾಗದ ಗೆಳೆಯ ಗೆಳತಿಯರೇ, ಸೇರಿಸಿದ ಅಭ್ಯರ್ಥಿ 90 ದಿನ ಉಳಿದ ಮೇಲೆ ಸಿಗುವ ನಿಮ್ಮ ಇನ್ಸೆಂಟಿವ್ ಹೊಸ ಆಡಳಿತದಲ್ಲಿ ಉಳಿಯುತ್ತದೋ ಇಲ್ಲವೋ ಎಂಬ ಆತಂಕ ನಿಮ್ಮದಾಗಿತ್ತು. ಆದರೂ ಯಾರೂ ಅಭ್ಯರ್ಥಿಗಳನ್ನು ಬೇರೆ ಏಜೆನ್ಸಿಗೆ ದಾಟಿಸಲಿಲ್ಲ. ಬಾಕಿಯ ಪಟ್ಟಿಯನ್ನು ಹೆಸರು, ಸೇರಿದ ದಿನ, ಮೊತ್ತದ ಸಮೇತ ಬರಹದಲ್ಲಿ ಒಪ್ಪಿಕೊಂಡು, ಆಮೇಲೆ ಹೊಸ ನೀತಿಯ ಮಾತೆತ್ತಿದ ಹೊಸ ಮುಖ್ಯಸ್ಥರಿಗೆ ಮನಸಾರೆ ವಂದನೆ.

ಈ ನಡುವೆ ಕೆಲಸ ಬಿಟ್ಟವರಿಗೂ ಧನ್ಯವಾದ. ನಿಮ್ಮ ರಿಲೀವಿಂಗ್ ಪತ್ರ ಕೈಸೇರಿರಬೇಕು. ಯುಎಎನ್ (ಪಿಎಫ್ ಸದಸ್ಯ ಸಂಖ್ಯೆ) ಪೋರ್ಟಲಿನಲ್ಲಿ ಬಿಟ್ಟ ದಿನಾಂಕ ಬಿದ್ದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಅದನ್ನು ನೀವೇ ನಮೂದಿಸಬಹುದು. ಈಗ ಕೆಲಸದಲ್ಲಿರುವವರು ಪಿಎಫ್ ಪಾಸ್‌ಬುಕ್ ತೆರೆದು ಈ ಅವಧಿಯ ಎಲ್ಲ ಕಂತುಗಳೂ ಇವೆಯೇ ಎಂದು ಪರೀಕ್ಷಿಸಿ. ಒಂದು ಕಾಣದಿದ್ದರೂ ಪೇ ಸ್ಲಿಪ್ ಸಮೇತ ನಿಮ್ಮ ಸೂಪರ್‌ವೈಸರ್ ಹತ್ತಿರ ಹೇಳಿ, ನಾವು ಸರಿಪಡಿಸಿ ಕೊಡುತ್ತೇವೆ.